ದೃಷ್ಟಿಸ್ಥೈರ್ಯ

ಒಂದು ವಸ್ತುವನ್ನು ನೆಟ್ಟ ನೋಟದಿಂದ ನೋಡುವಾಗ ಕಣ್ಣು ನಿಶ್ಚಲವಾಗಿರುತ್ತದೆಂಬುದು ಸಾಮಾನ್ಯರ ಭಾವನೆ. ವಸ್ತುಸ್ಥಿತಿ ಬೇರೆ. ನಡೆಯುವಾಗ, ಮಾತನಾಡುವಾಗ ಶಿರಸ್ಸು ಅಲುಗುತ್ತಲೇ ಇರುತ್ತದೆ; ಕಣ್ಣು ಅದಕ್ಕೆ ಪ್ರತಿಯಾಗಿ ಚಲಿಸುವುದರಿಂದಲೇ ನೋಟ ನಿಲ್ಲುತ್ತದೆ. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಪುಸ್ತಕವನ್ನು ಸ್ಥಿರವಾಗಿ ಹಿಡಿದು ತಲೆಯನ್ನು ಬೇಗಬೇಗನೆ ಅತ್ತಿತ್ತ ಆಡಿಸಿದರೂ ಓದು ಸಾಗುತ್ತದೆ. ತಲೆಯನ್ನು ನಿಲ್ಲಿಸಿ ಪುಸ್ತಕವನ್ನು ಅಷ್ಟೇ ವೇಗದಿಂದ ಆಡಿಸಿದರೆ ಅಕ್ಷರಗಳು ಕಲಸಿಹೋಗುತ್ತವೆ.

ಇದರ ಮೂಲ ಕಿವಿಯೊಳಗಿದೆ. ಪ್ರತಿಯೊಂದು ಒಳಗಿವಿಯಲ್ಲಿಯೂ ದ್ರವ ತುಂಬಿದ 3 ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ದ್ರವವು ಹಿಂದುಳಿದು, ಅಲ್ಲಿಯ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ಆ ಸುದ್ದಿ ನರದ ಮೂಲಕ ಮಿದುಳಿನ ಕಾಂಡವನ್ನು ಸೇರಿ, ಅಲ್ಲಿಂದ ಕಣ್ಣಿನ ಸ್ನಾಯುಗಳಿಗೆ ಆಜ್ಞೆಯಾಗಿ ಹೊರಡುತ್ತದೆ. ಒಂದೊಂದು ಕಣ್ಣನ್ನು ಹೊರಳಿಸುವ ಸ್ನಾಯುಗಳು 6. ತಲೆ ಬಲಕ್ಕೆ ತಿರುಗಿದಷ್ಟೇ ಕಣ್ಣು ಎಡಕ್ಕೆ ಹೊರಳುವ ಈ ಕ್ರಿಯೆ ಸೆಕೆಂಡಿನ ಸುಮಾರು ನೂರನೆಯ ಒಂದು ಭಾಗದಲ್ಲಿ ಆರಂಭವಾಗುತ್ತದೆ. ಅಳತೆ ತಪ್ಪಿದರೆ ತಿದ್ದುವುದು ಅನುಮಸ್ತಿಷ್ಕದ ಕೆಲಸ. ಹೊಸ ಕನ್ನಡಕ ಧರಿಸಿದವರಿಗೆ ಮೊದಲಲ್ಲಿ ತಲೆ ಸುತ್ತಿದಂತಾಗಿ, ಕೆಲವು ದಿನಗಳಲ್ಲಿ ಸರಿಹೋಗುವುದು ಈ ತಿದ್ದುಪಡಿಯಿಂದ.

ಈ ವ್ಯವಸ್ಥೆಯ ಬೆಲೆ ತಿಳಿಯುವುದು ಅದು ನಷ್ಟವಾದಾಗ. ಕ್ಷಯರೋಗಕ್ಕಾಗಿ ಪಡೆದ ಸ್ಟ್ರೆಪ್ಟೊಮೈಸಿನ್ ಔಷಧದಿಂದ ಒಳಗಿವಿಯ ಈ ಶಕ್ತಿಯನ್ನು ಕಳೆದುಕೊಂಡ ವೈದ್ಯರೊಬ್ಬರು 1952ರಲ್ಲಿ ತಮ್ಮ ಅನುಭವವನ್ನು ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬರೆದರು. ನಾಡಿಯ ಮಿಡಿತಕ್ಕೆ ತಲೆ ಅಲುಗಿದರೂ ಅಕ್ಷರಗಳು ಕುಣಿಯುತ್ತಿದ್ದುದರಿಂದ, ಮಂಚದ ಕಂಬಿಗಳ ನಡುವೆ ತಲೆಯನ್ನು ಅದುಮಿಟ್ಟು ಅವರು ಓದಬೇಕಾಯಿತು. ದಾರಿಯಲ್ಲಿ ಎದುರಾದವರ ಮುಖವನ್ನು ಗುರುತಿಸಲು ನಡೆಯುವುದನ್ನು ನಿಲ್ಲಿಸಬೇಕಾಗಿತ್ತು.

ಇನ್ನೊಂದು ದೋಷಕ್ಕೆ ನಿಸ್ಟಾಗ್ಮಸ್ ಎಂದು ಹೆಸರು. ಇದರಲ್ಲಿ ಕಣ್ಣುಗುಡ್ಡೆ ತಾನಾಗಿ ತೂಗಾಡುತ್ತದೆ. ಅನೇಕ ವೇಳೆ ಒಂದು ಕಡೆಗೆ ಮೆಲ್ಲನೆ ಜಾರಿ, ಥಟ್ಟನೆ ಹಿಂದಿರುಗುತ್ತದೆ. ಗಿರಗಿರನೆ ಸುತ್ತಿ ನಿಂತ ಬಾಲಕನ ಕಣ್ಣಿನಲ್ಲಿ ಕ್ಷಣಕಾಲ ಇದು ಕಾಣುವುದು ಸಹಜ. ಆದರೆ ಯಾರಲ್ಲಿಯೇ ಆಗಲಿ ಹಠಾತ್ತಾಗಿ ತಲೆದೋರಿ ನಿಲ್ಲದಿದ್ದರೆ ಕಿವಿಯ ಅಥವಾ ಮಿದುಳಿನ ವ್ಯಾಧಿಯ ಸೂಚನೆಯಾಗಬಹುದು. ವೈದ್ಯರನ್ನು ಕಾಣಲು ತಡಮಾಡಬಾರದು.

ಶೈಶವದಿಂದಲೇ ಈ ದೋಷವುಳ್ಳ ಮಕ್ಕಳೂ ಉಂಟು. ಅವರಲ್ಲಿ ಕೆಲವರು, ಕಣ್ಣಿನ ಅಲುಗಾಟ ಯಾವ ಕೋನದಲ್ಲಿ ಅತ್ಯಲ್ಪವೋ ಅದನ್ನು ತಾವಾಗಿಯೇ ಕಂಡುಕೊಂಡು, ತಲೆಯನ್ನು ಓರೆಮಾಡಿ ಓದುತ್ತಾರೆ. ಅದು ಅಶಿಸ್ತಲ್ಲ, ಅಕ್ಷರವನ್ನು ಹಿಡಿದು ನಿಲ್ಲಿಸುವ ಸಾಹಸ. ತಲೆ ನೆಟ್ಟಗಿಡೆಂದು ಗದರಿಸಿದರೆ ಮಗುವಿನ ಓದನ್ನೇ ಕಸಿದುಕೊಂಡಂತೆ. ಅಂಥ ಮಗುವನ್ನು ಮುಂದಿನ ಸಾಲಿನಲ್ಲಿ, ಅದಕ್ಕೆ ಅನುಕೂಲವಾದ ಬದಿಯಲ್ಲಿ ಕುಳ್ಳಿರಿಸಿ, ನೇತ್ರವೈದ್ಯರಿಗೆ ತೋರಿಸುವಂತೆ ತಂದೆತಾಯಿಗಳಿಗೆ ತಿಳಿಸುವುದು ಉಪಾಧ್ಯಾಯರ ಕರ್ತವ್ಯ.