ಒಂದೇ ಹೆಸರಿನ ಎರಡು ಬಾಗಿಲು

ಮನೆಯಲ್ಲಿಟ್ಟ ವಸ್ತು ಕಾಣದಾದಾಗ ನಾವು ಮೊದಲು ಕಳ್ಳನನ್ನು ನೆನೆಯುತ್ತೇವೆ. ತಪ್ಪು ಕೋಣೆಯಲ್ಲಿ ಹುಡುಕುತ್ತಿರಬಹುದೆಂಬ ವಿಚಾರವು ಕಡೆಗೆ ಬರುವದು. ಈ ಮಾತಿನ ಸತ್ಯತೆಯನ್ನು ನಾನು ಗಣಕಯಂತ್ರದ ಮುಂದೆ ಕುಳಿತು ಕಲಿತೆನು.

ಸಾಂಬ್ರಾದ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ನಡೆಯಿಸುವ ಉಳಿತಾಯದ ಭಿಶಿಯೊಂದುಂಟು. ಅದರ ಲೆಕ್ಕವನ್ನು ಬಹು ವರ್ಷಗಳಿಂದ ನಾನೇ ಗಣಕಯಂತ್ರದಲ್ಲಿ ಬರೆದಿಡುತ್ತ ಬಂದಿರುವೆನು. ಹಳೆಯ ಯಂತ್ರವು ಕೆಟ್ಟಿತು. ಕಡತದ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತೆಗೆದಿಟ್ಟಿದ್ದೆನಾದರೂ ಹೊಸ ಯಂತ್ರದಲ್ಲಿ ಅದು ತೆರೆಯಲೊಲ್ಲದು. ಅದೇ ವಾರ ಓರ್ವ ವಿಧವೆ ತಾಯಿಯು ಮಗಳ ಕಾಲೇಜಿನ ಶುಲ್ಕಕ್ಕಾಗಿ ತನ್ನ ಹಣವನ್ನು ಕೇಳಲು ಬಂದಳು. "ಮಾಸ್ತರ್ರ, ನನ್ನ ಲೆಕ್ಕ ಅದರಾಗ ಐತಲ್ರಿ?" ಎಂದಳು. ಉತ್ತರ ಕೊಡಲು ನನ್ನ ನಾಲಗೆ ಏಳಲಿಲ್ಲ. ಪೇಟೆಯ ಅಂಗಡಿಯವನೊಬ್ಬನು ಕಡತವೇ ಕೆಟ್ಟಿದೆಯೆಂದು ಹೇಳಿಬಿಟ್ಟಿದ್ದನು. ಹಣ ಹೋದರೆ ಗಳಿಸಬಹುದು. ನೆರೆಹೊರೆಯವರ ವಿಶ್ವಾಸ ಹೋದರೆ ಏನು ಗತಿ?

ಆಗ ಇಂಜಿನಿಯರಿಂಗ್ ಓದುವ ನನ್ನ ಅಣ್ಣನ ಮಗನು ಬಂದನು. ಚಿತ್ರಗಳನ್ನು ಒತ್ತದೆ, ಆಜ್ಞೆಗಳನ್ನು ಅಕ್ಷರಗಳಲ್ಲಿಯೇ ಬರೆದು ಯಂತ್ರದಿಂದ ಕೆಲಸ ಮಾಡಿಸುವ ಸಾಧನಕ್ಕೆ ಶೆಲ್ ಎನ್ನುವರು. ವಿಂಡೋಸ್ ಯಂತ್ರಗಳಲ್ಲಿ 2006ರಲ್ಲಿ ಹೊರಬಂದ ಪವರ್‌ಶೆಲ್ ಎಂಬುದು ಇಂತಹದೊಂದು. ಹುಡುಗನು ಹುಡುಕಲು, ಅದೇ ಹೆಸರಿನವು ಎರಡು ಕಂಡವು. ಒಂದರ ಮುಂದೆ ಮಾತ್ರ ಎಕ್ಸ್86 ಎಂಬ ಗುರುತಿತ್ತು. ಗುರುತಿಲ್ಲದುದರಲ್ಲಿ ಆಜ್ಞೆಯಿತ್ತಾಗ, ಕಡತವನ್ನೋದುವ ಸಾಧನವು ಈ ಯಂತ್ರದಲ್ಲಿ ನೋಂದಾಯಿತವಾಗಿಲ್ಲವೆಂಬ ಉತ್ತರ ಬಂದಿತು. ಮತ್ತೊಂದರಲ್ಲಿ ಅದೇ ಆಜ್ಞೆಗೆ ಲೆಕ್ಕವೆಲ್ಲ ಸಾಲುಸಾಲಾಗಿ ಮೂಡಿತು. "ಕಾಕಾ, ಕಡತ ಕೆಟ್ಟಿಲ್ರಿ, ಬಾಗಲಾ ತಪ್ಪಿತ್ತು" ಎಂದನವನು.

ಇದರ ಮರ್ಮವೇನು? ಗಣಕಯಂತ್ರವು ಸ್ಮೃತಿಯಲ್ಲಿಯ ಒಂದೊಂದು ಸ್ಥಾನಕ್ಕೂ ಒಂದೊಂದು ಅಂಕಿಯನ್ನು ಕೊಡುವದು. ಆ ಅಂಕಿಯು ಸೊನ್ನೆ, ಒಂದು ಎಂಬ ಎರಡೇ ಚಿಹ್ನೆಗಳಿಂದಾದುದು. ಅಂತಹ ಒಂದು ಚಿಹ್ನೆಗೆ ಬಿಟ್ ಎಂದು ಹೆಸರು. ಛಂದಸ್ಸನ್ನು ಓದಿದವರಿಗೆ ಇದು ಹೊಸತಲ್ಲ. ಅನುಷ್ಟುಪ್ ಶ್ಲೋಕಕ್ಕೆ 32 ಅಕ್ಷರಗಳು. ಪ್ರತಿಯೊಂದೂ ಲಘು ಇಲ್ಲವೆ ಗುರುವೆಂದು ಪಿಂಗಲನ ಕ್ರಮದಂತೆ ಪ್ರಸ್ತಾರ ಹಾಕಿದರೆ 4,29,49,67,296 ಬಗೆಗಳಾಗುವವು. 32 ಬಿಟ್ಟಿನ ಪದ್ಧತಿಯು ಎಣಿಸಬಲ್ಲ ಸ್ಥಾನಗಳೂ ಅಷ್ಟೇ. ಅದನ್ನೇ ನಾಲ್ಕು ಗಿಗಾಬೈಟ್ ಎನ್ನುವರು. 64 ಬಿಟ್ಟಿಗೆ ಬಂದರೆ ಆ ಸಂಖ್ಯೆಯು ಇಪ್ಪತ್ತು ಅಂಕಿಗಳಷ್ಟು ಉದ್ದವಾಗುವದು. ಇಂಟೆಲ್ ಕಂಪನಿಯ 1978ರ 8086 ಎಂಬ ಸಂಸ್ಕಾರಕದ ವಂಶದ್ದಾದುದರಿಂದ ಹಳೆಯ ಪದ್ಧತಿಗೆ ಎಕ್ಸ್86 ಎಂಬ ಹೆಸರು ನಿಂತಿತು. ಆ ವಂಶಕ್ಕೆ 64 ಬಿಟ್ಟಿನ ವಿಸ್ತಾರವನ್ನು ಮೊದಲು ಕೊಟ್ಟುದು ಎಎಂಡಿ ಕಂಪನಿ, 2003ರಲ್ಲಿ.

ನಮ್ಮ ಬೆಳಗಾವಿಯ ರೈಲುಮಾರ್ಗವು 1990ರ ದಶಕದಲ್ಲಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾದುದನ್ನು ಹಿರಿಯರು ಬಲ್ಲರು. ಹಳಿಯ ಅಗಲ ಬದಲಾದರೆ ಹಳೆಯ ಬಂಡಿ ಓಡದು. ವಿಂಡೋಸಿನವರಾದರೋ ಅಗಲವಾದ ಹಳಿಗಳ ನಡುವೆ ಮೂರನೆಯದೊಂದನ್ನು ಹಾಸಿ, ಹಳೆಯ ಬಂಡಿಗಳಿಗೂ ದಾರಿ ಬಿಟ್ಟಿರುವರು. ಆದರೆ ಒಂದು ಗೇಜಿನ ಡಬ್ಬಿಯನ್ನು ಇನ್ನೊಂದು ಗೇಜಿನ ಬಂಡಿಗೆ ಜೋಡಿಸಲಾಗದು. ನನ್ನ ಕಡತವನ್ನೋದುವ ಜೆಟ್ ಎಂಬ ಸಾಧನವು 32 ಬಿಟ್ಟಿನಲ್ಲಿ ಮಾತ್ರ ಉಂಟು. ಆದುದರಿಂದ 64 ಬಿಟ್ಟಿನ ಶೆಲ್ಲಿಗೆ ಅದು ಇದ್ದೂ ಇಲ್ಲದಂತೆ.

ಇಲ್ಲಿ ಇನ್ನೊಂದು ತೊಡಕನ್ನು ವಾಚಕರು ಲಕ್ಷ್ಯದಲ್ಲಿಡಬೇಕು. 64 ಬಿಟ್ಟಿನ ವಿಂಡೋಸಿನಲ್ಲಿ ಸಿಸ್ಟಂ32 ಎಂಬ ಕಪಾಟಿನಲ್ಲಿ ಇರುವದು 64 ಬಿಟ್ಟಿನ ಸಾಮಗ್ರಿ. ಸಿಸ್‌ವಾವ್64 ಎಂಬುದರಲ್ಲಿ 32 ಬಿಟ್ಟಿನದು. ಹಳೆಯ ಕಾರ್ಯಕ್ರಮಗಳು ಸಿಸ್ಟಂ32 ಎಂಬ ಹೆಸರನ್ನೇ ನಂಬಿದ್ದುದರಿಂದ ಹೆಸರನ್ನು ಉಳಿಸಿ ಒಳಗಿನದನ್ನು ಬದಲಿಸಿದರು. ಇದಲ್ಲದೆ 32 ಬಿಟ್ಟಿನ ಶೆಲ್ ಮೊದಲನೆಯ ಕಪಾಟನ್ನು ಕೇಳಿದರೆ ವಿಂಡೋಸ್ ಅದಕ್ಕೆ ಸದ್ದಿಲ್ಲದೆ ಎರಡನೆಯದನ್ನು ತೋರಿಸುವದು. ಹೆಸರಿನಿಂದ ವಸ್ತುವನ್ನು ನಿಶ್ಚಯಿಸಬಾರದೆಂಬ ಮಾತಿಗೆ ಇದಕ್ಕಿಂತ ಉತ್ತಮ ದೃಷ್ಟಾಂತ ಬೇಡ.

ನಿತ್ಯದ ಕೆಲಸಕ್ಕೆ ಗುರುತಿಲ್ಲದ 64 ಬಿಟ್ಟಿನ ಶೆಲ್ಲೇ ಯೋಗ್ಯವು. ಹಳೆಯ ಸಾಧನವು ಕಾಣುವದಿಲ್ಲವೆಂದಾಗ ಮಾತ್ರ ಎಕ್ಸ್86 ಗುರುತಿನದನ್ನು ತೆರೆದು ನೋಡಬೇಕು.

ಆ ತಾಯಿಯ ಕೈಯಲ್ಲಿದ್ದ ಚೀಟಿಗೂ ಕಡತದ ಮೊತ್ತಕ್ಕೂ ಒಂದು ರೂಪಾಯಿಯ ಅಂತರವೂ ಇರಲಿಲ್ಲ. ಶುಲ್ಕವನ್ನು ಅವಧಿಯೊಳಗೆ ಕಟ್ಟಲಾಯಿತು. ಅಂದೇ ಸಂಜೆ ಲೆಕ್ಕವನ್ನೆಲ್ಲ ಯಾವ ಯಂತ್ರವಾದರೂ ಓದಬಲ್ಲ ಸಾದಾ ಅಕ್ಷರದ ಕಡತಕ್ಕೆ ಇಳಿಸಿ, ಕಾಗದದ ಮೇಲೂ ಅಚ್ಚುಮಾಡಿಸಿ ಎಲ್ಲ ಸದಸ್ಯೆಯರಿಗೂ ಒಂದೊಂದು ಪ್ರತಿಯನ್ನು ಹಂಚಿದೆನು. ಗೃಹಸ್ಥರಾದವರು ತಮ್ಮ ಮನೆಯ ಹಳೆಯ ಲೆಕ್ಕಪತ್ರಗಳನ್ನು ಯಂತ್ರ ಕೆಡುವ ಮೊದಲೇ ಹೀಗೆ ಇಳಿಸಿಟ್ಟುಕೊಳ್ಳುವದು ಲೇಸು.