ಮೊಮೊ ತಿಂದಾಯ್ತು, ಮನೆ ಊಟ ಯಾವಾಗ? ಬೈಲುಕುಪ್ಪೆಯ ಟಿಬೆಟನ್ ಅಡುಗೆಯ ಕಥೆ

ಇಯರ್‌ಫೋನ್ ಕೈಲಿಲ್ಲ, ಓದ್ಕೋತೀನಿ ಅನ್ನೋರಿಗೆ ಇದು ಪಾಡ್‌ಕಾಸ್ಟ್‌ನ ಹೊಸ ಸಂಚಿಕೆಯ ಬರಹ ರೂಪ.

ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ಕಡೆ ಬೆಳೆದವರು ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್‌ಗೆ ಹೋಗದೇ ಇರೋದು ಕಷ್ಟ. ಸ್ಕೂಲ್ ಟ್ರಿಪ್ ಅಂದ್ರೂ ಅಲ್ಲಿಗೇ, ಹೊಸ ಬೈಕ್ ಬಂದ್ರೂ ಅಲ್ಲಿಗೇ. ಹೋಗ್ತೀವಿ, ರೀಲ್ಸ್ ಮಾಡ್ತೀವಿ, ಒಂದು ಪ್ಲೇಟ್ ಮೊಮೊ ತಿಂದು ವಾಪಸ್ ಬರ್ತೀವಿ. ಆಮೇಲೆ ಯಾರಾದ್ರೂ "ಟಿಬೆಟನ್ ಊಟ ತಿಂದಿದೀಯಾ?" ಅಂದ್ರೆ "ಹೂಂ, ಮೊಮೊ" ಅಂತೀವಿ.

ಯಾರೋ ಹೊರಗಿನವರು ನಮ್ಮೂರಲ್ಲಿ ಒಂದು ಮಸಾಲೆ ದೋಸೆ ತಿಂದು, "ಮೈಸೂರು ಸೀಮೆ ಊಟ ನಂಗೆ ಗೊತ್ತು" ಅಂದ್ರೆ ನಗು ಬರುತ್ತೆ ತಾನೇ? ಮುದ್ದೆ, ಬಸ್ಸಾರು, ಉಪ್ಸಾರು ಮನೇಲಿರುತ್ತೆ. ಟಿಬೆಟನ್ನರದ್ದೂ ಹಾಗೇ. ಹೋಟೆಲ್‌ನಲ್ಲಿ ಅವರ ಹಬ್ಬದ ಅಡುಗೆ ಸಿಗುತ್ತೆ. ಊರು ಬಿಟ್ಟು ಬಂದ ಜನ ಇಲ್ಲಿ ಹೇಗೆ ಬದುಕಿದರು ಅನ್ನೋದು ಗೊತ್ತಾಗೋದು ಮನೆ ಅಡುಗೆಯಲ್ಲಿ.

ಇಲ್ಲಿಗೆ ಬಂದದ್ದು ಹೇಗೆ?

1959ರಲ್ಲಿ ಲಾಸಾದಲ್ಲಿ ದಂಗೆಯಾಗಿ ದಲೈ ಲಾಮಾ ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕೊಟ್ಟಿತು. 1960ರ ಕೊನೆಯಿಂದ ಜನ ಬಂದು ಕಾಡು ಕಡಿದು ನೆಲೆ ನಿಂತರು. ಆ ನೆಲೆಯ ಹೆಸರು ಲುಗ್‌ಸುಂಗ್ ಸಮ್ದುಪ್ಲಿಂಗ್. 1969ರಲ್ಲಿ ಪಕ್ಕದಲ್ಲೇ ಇನ್ನೊಂದು, ಡಿಕಿ ಲಾರ್ಸೋ ಆಯ್ತು. 1970ರ ದಶಕದಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್ಗೆಲಿಂಗ್ ಶುರುವಾಯ್ತು. ಗೋಲ್ಡನ್ ಟೆಂಪಲ್ ಇರೋ ನಾಮ್‌ಡ್ರೋಲಿಂಗ್ ಮಠ 1963ರದ್ದು. ನಾವು ಫೋಟೊ ತೆಗೆಯೋ ಆ ಚಿನ್ನದ ಬಣ್ಣದ ಬುದ್ಧನ ಮಂದಿರ 1999ರದ್ದು.

ಅಂದ್ರೆ ಇವರು ನಮ್ಮ ಪಕ್ಕದವರಾಗಿ 60 ವರ್ಷ ದಾಟಿದೆ.

ಹೋಟೆಲ್‌ನಲ್ಲಿ ಏನು ತಿನ್ನಬೇಕು?

ಮೊದಲು ಮೊಮೊ. ಮೈದಾ ಹಿಟ್ಟಿನ ತೆಳು ಹಾಳೆ, ಒಳಗೆ ಮಾಂಸ ಅಥವಾ ತರಕಾರಿ, ಹಬೆಯಲ್ಲಿ ಬೇಯಿಸೋದು. ನಮ್ಮ ಕಡುಬಿನ ದೂರದ ನೆಂಟ ಅನ್ಕೊಳ್ಳಿ. ಇದೇ ಥರ ಚೀನಾದಲ್ಲಿ ಜಿಯಾವೊಜಿ, ಪೋಲೆಂಡ್‌ನಲ್ಲಿ ಪಿಯರೋಗಿ ಮಾಡ್ತಾರೆ. ಮೈಸೂರಿನ ಗಾಡಿಗಳಲ್ಲಿ ಮೊಮೊ ಜೊತೆ ಮೇಯೊನೀಸ್ ಕೊಡ್ತಾರಲ್ಲ, ಟಿಬೆಟನ್ ಮನೇಲಿ ಅದರ ಜಾಗದಲ್ಲಿ ಸೆಪೆನ್ ಇರುತ್ತೆ: ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅರೆದ ಖಾರ ಚಟ್ನಿ. ಮಾಂಸದ ಮೊಮೊ ಆದ್ರೆ ಮೊದಲು ಚಿಕ್ಕದಾಗಿ ಕಚ್ಚಿ ಒಳಗಿನ ರಸ ಹೀರಿ. ಒಟ್ಟಿಗೇ ಬಾಯಿಗೆ ಹಾಕಿದ್ರೆ ನಾಲಿಗೆ ಸುಡೋದು ಗ್ಯಾರಂಟಿ.

ಆಮೇಲೆ ಥುಕ್ಪಾ, ಅಂದ್ರೆ ನೂಡಲ್ಸ್ ಹಾಕಿದ ಬಿಸಿ ಸಾರು. ಹಿಟ್ಟನ್ನ ಕೈಯಲ್ಲೇ ಎಳೆದು, ಹರಿದು ಸಾರಿಗೆ ಹಾಕಿದ್ರೆ ಅದು ಥೆಂಥುಕ್. ಟಿಂಗ್ಮೊ ಅಂದ್ರೆ ಒಳಗೆ ಏನೂ ಇಲ್ಲದ, ಹಬೆಯಲ್ಲಿ ಬೆಂದ ಮೆತ್ತನೆ ಬನ್ನು. ಪಲ್ಯಕ್ಕೋ ಸಾರಿಗೋ ಅದ್ದಿ ತಿನ್ನೋದು. ಶಾಬಲೆ ಅಂದ್ರೆ ಮಾಂಸ ತುಂಬಿ ಕರಿದ ರೊಟ್ಟಿ. 'ಶಾ' ಅಂದ್ರೆ ಮಾಂಸ, 'ಬಲೆಪ್' ಅಂದ್ರೆ ರೊಟ್ಟಿ. ಮೆನುವಿನಲ್ಲಿ 'ಶಾ' ಕಂಡ್ರೆ ಯಾವ ಮಾಂಸ ಅಂತ ಕೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ. ಸಸ್ಯಾಹಾರಿಗಳಿಗೂ ಬೇಕಾದಷ್ಟಿದೆ.

ಮನೆಯಲ್ಲಿ ಏನಿರುತ್ತೆ?

ಮೈಸೂರಲ್ಲಿ ನನ್ನ ಜೊತೆ ಓದಿದ ಗೆಳತಿಯೊಬ್ಬಳ ಮನೆ ಬೈಲುಕುಪ್ಪೆಯ ಒಂದು ಕ್ಯಾಂಪ್‌ನಲ್ಲಿದೆ. ಅವಳ ಅಮ್ಮನನ್ನ ನಾವೆಲ್ಲ 'ಅಮಾ-ಲಾ' ಅಂತೀವಿ. ಟಿಬೆಟನ್‌ನಲ್ಲಿ ಹೆಸರಿನ ಕೊನೆಗೆ 'ಲಾ' ಸೇರಿಸಿದ್ರೆ ಮರ್ಯಾದೆ, ನಾವು 'ಅಮ್ಮನವರು' ಅಂದ ಹಾಗೆ. ಅಜ್ಜಿಗೆ 'ಮೊಮೊ-ಲಾ' ಅಂತಾರೆ. ತಿನ್ನೋ ಮೊಮೊಗೂ ಇದಕ್ಕೂ ಸಂಬಂಧ ಇಲ್ಲ, ಆದ್ರೂ ಮೊದಲ ಸಲ ಕೇಳಿದಾಗ ನಗು ತಡೆಯೋಕಾಗಲ್ಲ.

ಆ ಮನೇಲಿ ಮಧ್ಯಾಹ್ನ ಸಾಮಾನ್ಯವಾಗಿ ಇರೋದು ಅನ್ನ, ಬೇಳೆ, ಒಂದು ಪಲ್ಯ. ಮೊಮೊ ವಾರದ ರಜೆಗೋ, ನೆಂಟರು ಬಂದಾಗಲೋ ಅಷ್ಟೇ. ಕಾರಣ ಸಿಂಪಲ್: ಒಬ್ಬರ ಕೈಲಿ ಆಗೋ ಕೆಲಸ ಅಲ್ಲ ಅದು. ಒಬ್ಬರು ಹಿಟ್ಟು ಲಟ್ಟಿಸ್ತಾರೆ, ಒಬ್ಬರು ಹೆಚ್ಚುತ್ತಾರೆ, ಉಳಿದವರೆಲ್ಲ ಸುತ್ತ ಕೂತು ಮಡಿಕೆ ಹಾಕ್ತಾರೆ. ನಮ್ಮಲ್ಲಿ ಹಬ್ಬಕ್ಕೆ ಒಬ್ಬಟ್ಟು ಮಾಡೋ ಹಾಗೆ.

ನಿಜವಾದ ಪರೀಕ್ಷೆ ಬೆಣ್ಣೆ ಚಹಾದ್ದು. ಹೆಸರು 'ಪೊ ಚಾ', ಅಂದ್ರೆ ಟಿಬೆಟ್‌ನ ಚಹಾ. ನಮ್ಮ 'ಚಹಾ'ಕ್ಕೂ ಅವರ 'ಚಾ'ಕ್ಕೂ ಮೂಲ ಒಂದೇ, ಚೀನೀ ಪದ. ಆದ್ರೆ ಇದರಲ್ಲಿ ಸಕ್ಕರೆ ಇಲ್ಲ. ಚಹಾ ಕಷಾಯ, ಉಪ್ಪು, ಬೆಣ್ಣೆ ಸೇರಿಸಿ ಚೆನ್ನಾಗಿ ಕಡೆಯೋದು. ಹಿಂದೆ ಮರದ ಉದ್ದ ಕೊಳವೆಯಲ್ಲಿ ಕಡೀತಿದ್ರು, ಈಗ ಮಿಕ್ಸಿ ಇದೆ. ಮೊದಲ ಗುಟುಕಿಗೆ ನನ್ನ ಮುಖ ನೋಡಿ ಅಜ್ಜಿ ಕನ್ನಡದಲ್ಲೇ ಹೇಳಿದ್ರು: "ಟೀ ಅನ್ಕೋಬೇಡ, ಸಾರು ಅನ್ಕೊಂಡು ಕುಡಿ." ಹಾಗೆ ಕುಡಿದ್ರೆ ನಿಜಕ್ಕೂ ರುಚಿಯಾಗಿರುತ್ತೆ. ಒಂದು ವಿಷಯ: ಲೋಟ ಖಾಲಿ ಮಾಡಿದಷ್ಟೂ ತುಂಬಿಸ್ತಾನೇ ಇರ್ತಾರೆ. ಸಾಕು ಅಂದ್ರೆ ತುಂಬಿದ ಲೋಟ ಹಾಗೇ ಬಿಟ್ಟು, ಹೊರಡುವಾಗ ಕುಡಿದು ಎದ್ದೇಳಿ.

ಮನೆಯಲ್ಲಿ ಮಾತ್ರ ಸಿಗೋ ಇನ್ನೊಂದು ಅಂದ್ರೆ ತ್ಸಾಂಪಾ. ಬಾರ್ಲಿಯನ್ನ ಹುರಿದು, ಬೀಸಿದ ಹಿಟ್ಟು. ಅದನ್ನ ಬೆಣ್ಣೆ ಚಹಾದಲ್ಲಿ ಕಲಸಿ ಉಂಡೆ ಕಟ್ಟಿ ತಿಂತಾರೆ. ನಮ್ಮ ರಾಗಿ ಹುರಿಹಿಟ್ಟು ನೆನಪಾಯ್ತಾ? ಅದೇ ಉಪಾಯ. ಲಾಸಾ ಸುಮಾರು 3,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕಮ್ಮಿ, ಹಾಗಾಗಿ ನೀರು 88 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತೆ, ಕಾಳು ಬೇಯೋದು ನಿಧಾನ. ಸೌದೆನೂ ಅಪರೂಪ. ಮೊದಲೇ ಹುರಿದಿಟ್ಟ ಹಿಟ್ಟಾದ್ರೆ ಒಲೆನೇ ಬೇಡ, ಪ್ರಯಾಣಕ್ಕೂ ಸಲೀಸು.

ಬದಲಾಗಿದ್ದೇನು?

ಸಾವಿರ ಮೀಟರ್‌ಗಿಂತ ಕೆಳಗಿರೋ ನಮ್ಮ ಬಿಸಿಲು ಸೀಮೆಯಲ್ಲಿ ಯಾಕ್ ಬದುಕಲ್ಲ. ಬಾರ್ಲಿಯ ಹೊಲದ ಜಾಗಕ್ಕೆ ಮುಸುಕಿನ ಜೋಳ ಬಂತು. ಬೆಣ್ಣೆ ಹಸುವಿನದಾಯ್ತು. ಅನ್ನ, ಬೇಳೆ ದಿನದ ಊಟ ಆಯ್ತು. ಹಳೇ ಅಡುಗೆ ಪೂರ್ತಿ ಉಳಿದಿರೋದು ಹಬ್ಬದಲ್ಲಿ. ಫೆಬ್ರವರಿ-ಮಾರ್ಚ್ ಹೊತ್ತಿಗೆ ಬರೋ ಹೊಸ ವರ್ಷ 'ಲೋಸರ್'ಗೆ ಖಾಪ್ಸೆ ಅನ್ನೋ ಕರಿದ ತಿಂಡಿ ಇರುತ್ತೆ. ಅದಕ್ಕೂ ಸ್ವಲ್ಪ ಮುಂಚೆ ಒಂದು ರಾತ್ರಿ 'ಗುಥುಕ್' ಸಾರು. ಅದರ ಕೆಲವು ಹಿಟ್ಟಿನ ಉಂಡೆಗಳಲ್ಲಿ ಏನಾದ್ರೂ ಅಡಗಿಸಿರ್ತಾರೆ. ಮೆಣಸಿನಕಾಯಿ ಸಿಕ್ಕವರು ಮಾತಿನ ಮಲ್ಲರು, ಇದ್ದಿಲು ಸಿಕ್ಕವರ ಮನಸ್ಸು ಕಪ್ಪು. ಮನೆ ತುಂಬ ನಗು.

ಆದ್ರೆ ನಗೋಕೆ ಮನೇಲಿ ಜನ ಬೇಕು. ಈಗ ಎಷ್ಟೋ ಟಿಬೆಟನ್ ಯುವಕರು ಬೆಂಗಳೂರಿಗೆ, ಅಮೆರಿಕ, ಕೆನಡಾ, ಯುರೋಪಿಗೆ ಹೋಗ್ತಿದಾರೆ. ನನ್ನ ಗೆಳತಿಯೂ ಹೊರಡೋ ತಯಾರಿಯಲ್ಲಿದ್ದಾಳೆ. ಮೊಮೊ ಎಲ್ಲೂ ಹೋಗಲ್ಲ, ಅದು ಪ್ರತಿ ಸರ್ಕಲ್‌ನಲ್ಲೂ ಸಿಗುತ್ತೆ. ತ್ಸಾಂಪಾ ಕಲಸೋದು, ಆ ಹದದ ಚಹಾ ಕಡೆಯೋದು, ಅಜ್ಜಿಯರ ಕೈಲಿರೋ ವಿದ್ಯೆ. ಅದನ್ನ ಕಲಿಯೋ ಮೊಮ್ಮಕ್ಕಳು ಊರಲ್ಲಿ ಕಮ್ಮಿ ಆಗ್ತಿದಾರೆ.

ಹೋಗೋ ಮುಂಚೆ

ಮೂರು ಮಾತು. ಒಂದು, ನಮಗೆ ಅಲ್ಲಿ ತಂಗೋಕೆ ವಿಶೇಷ ಪರ್ಮಿಟ್ ಬೇಡ, ಅದು ವಿದೇಶಿಯರಿಗೆ ಮಾತ್ರ. ಎರಡು, ಮೇ-ಜೂನ್ ಹೊತ್ತಿಗೆ ಬರೋ 'ಸಾಗಾ ದಾವಾ' ತಿಂಗಳಲ್ಲಿ ಬಹಳ ಜನ ಮಾಂಸ ಬಿಡ್ತಾರೆ, ಆಗ ಹೋದ್ರೆ ಅದು ಗಮನದಲ್ಲಿರಲಿ. ಮೂರು, ಕ್ಲಾಸ್‌ಮೇಟೋ, ಕೆಲಸದ ಜಾಗದ ಪರಿಚಯವೋ, ಅಲ್ಲಿನ ಗೆಳೆಯರಿದ್ರೆ ನೀವೇ ಮೊದಲು ನಿಮ್ಮ ಮನೆಗೆ ಕರೀರಿ. ಮುದ್ದೆ ನುಂಗೋದು ಹೇಳಿಕೊಡಿ. ಅವರು ವಾಪಸ್ ಕರೆದಾಗ "ತಾಶಿ ದೆಲೆಕ್" ಅಂತ ಒಳಗೆ ಹೋಗಿ, ಊಟ ಆದ್ಮೇಲೆ "ಥುಕ್ಜೆಚೆ" ಅನ್ನಿ. ಮೊದಲನೆಯದು ನಮಸ್ಕಾರ, ಎರಡನೆಯದು ಧನ್ಯವಾದ.