ಸ್ಟೀರಿಯೋ ಬದಲಾಯ್ತು, ಧಾರವಾಡ ಕಳೆದುಹೋಯ್ತು!

ಕಬ್ಬಿನ ಹಂಗಾಮು ಶುರುವಾಯಿತೆಂದರೆ ನಮ್ಮ ಕಾಗವಾಡ ಭಾಗದಲ್ಲಿ ಟ್ರ್ಯಾಕ್ಟರ್ ಬರುವುದು ಮೊದಲು ಕಿವಿಗೆ ಗೊತ್ತಾಗುತ್ತದೆ, ಆಮೇಲೆ ಕಣ್ಣಿಗೆ. ಉಗಾರದ ಸಕ್ಕರೆ ಕಾರ್ಖಾನೆ ಕಡೆಗೆ ಟ್ರೇಲರ್ ಎಳೆದುಕೊಂಡು ಹೊರಟ ಒಂದು ಗಾಡಿಯಲ್ಲಿ ಕನ್ನಡ ಜಾನಪದ, ಅದರ ಹಿಂದಿನದರಲ್ಲಿ ಮರಾಠಿ ಹಾಡು. ಗಡಿಯಾಚೆಗಿನ ಮಿರಜವಂತೂ ಸಿತಾರ್, ತಂಬೂರಿ ತಯಾರಿಕೆಗೇ ಹೆಸರಾದ ಊರು. 2024ರಲ್ಲಿ ಅಲ್ಲಿನ ಸಿತಾರ್ ಮತ್ತು ತಂಬೂರಿಗೆ ಜಿಐ ಮಾನ್ಯತೆಯೂ ಸಿಕ್ಕಿತು. ಹೀಗಾಗಿ ನಮ್ಮ ಕಡೆ ಯಾರಾದರೂ ಹಳೆಯ ಕಾರು ಕೊಂಡರೆ ಮೈಲೇಜ್ ಎಷ್ಟು ಅಂತ ಕೇಳಿದ ಮೇಲೆ ಬರುವ ಎರಡನೇ ಪ್ರಶ್ನೆ, ‘ಟೇಪ್ ಐತೇನ?’ ಕ್ಯಾಸೆಟ್ ಕಾಲ ಮುಗಿದು ಎಷ್ಟೋ ವರ್ಷವಾದರೂ ನಮ್ಮ ಬಾಯಲ್ಲಿ ಅದು ಇನ್ನೂ ‘ಟೇಪ್’!

ಕಳೆದ ವರ್ಷ ನಮ್ಮ ಮನೆಗೂ ಒಂದು ಸೆಕೆಂಡ್ ಹ್ಯಾಂಡ್ ಕಾರು ಬಂತು. ಅದರಲ್ಲಿ ಕಂಪನಿಯಿಂದಲೇ ಬಂದ ಸ್ಟೀರಿಯೋ ಇತ್ತು. ರೇಡಿಯೋ, ಸಿಡಿ ಎರಡೇ. ಬ್ಲೂಟೂತ್ ಇಲ್ಲ, ಯುಎಸ್‌ಬಿ ಇಲ್ಲ. ನನ್ನ ಅಣ್ಣನಿಗೆ ಅದು ಸರಿ ಕಾಣಲಿಲ್ಲ. ಪಕ್ಕದ ಪಟ್ಟಣದ ಒಂದು ಅಂಗಡಿಗೆ ಹೋಗಿ ದೊಡ್ಡ ಟಚ್ ಸ್ಕ್ರೀನ್ ಇರುವ ಹೊಸ ಯೂನಿಟ್ ಹಾಕಿಸಿಕೊಂಡು ಬಂದ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿದಿತ್ತು. ಮ್ಯಾಪ್, ವಿಡಿಯೋ, ಹ್ಯಾಂಡ್ಸ್ ಫ್ರೀ ಕಾಲ್, ಎಲ್ಲವೂ ಇತ್ತು. ಆದರೆ ಮೂರನೇ ದಿನ ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ನಾಲ್ಕು ಜನ ತಳ್ಳಿ ಚಾಲು ಮಾಡಿದ ಮೇಲೆ ಅಪ್ಪ ಪಕ್ಕದಲ್ಲಿ ಕೂತು ರೇಡಿಯೋ ತಿರುಗಿಸಿ ಕೇಳಿದ: ‘ತಮ್ಮಾ, ಹೊಸಾ ಡಬ್ಬಿ ಹಾಕಿದ ಮ್ಯಾಲ ಧಾರವಾಡ ಯಾಕ ಹತ್ತವಲ್ದು?’

ಧಾರವಾಡ ಅಂದರೆ ಧಾರವಾಡ ಆಕಾಶವಾಣಿ. 1950ರ ಜನವರಿಯಲ್ಲಿ ಶುರುವಾದ ಆ ನಿಲಯ 765 ಕಿಲೋಹರ್ಟ್ಸ್ ಮಧ್ಯಮ ತರಂಗದಲ್ಲಿ ಉತ್ತರ ಕರ್ನಾಟಕದ ಹೊಲ-ಮನೆಗಳಿಗೆ ಮಾತಾಡುತ್ತಾ ಬಂದಿದೆ. ಗಡಿಯಲ್ಲಿ ಬೆಳೆದ ನಮ್ಮಂಥವರಿಗೆ ಅದು ಬರೀ ಹಾಡಿನ ಪೆಟ್ಟಿಗೆಯಲ್ಲ. ಬಸ್ ನಿಲ್ದಾಣದಲ್ಲಿ, ಸಂತೆಯಲ್ಲಿ ಮರಾಠಿ ಕೇಳುತ್ತ ಬೆಳೆದ ನನ್ನ ಅಪ್ಪನಿಗೆ ಕನ್ನಡದ ವಾರ್ತೆ, ಕೃಷಿ ಮಾತು, ನಾಟಕ ತಲುಪಿದ್ದೇ ಅಲ್ಲಿಂದ. ಇಪ್ಪತ್ತು ಸಾವಿರದ ಹತ್ತಿರ ಖರ್ಚು ಮಾಡಿ ಅದನ್ನೇ ಕಳೆದುಕೊಂಡರೆ ಹೇಗೆ?

ನಾನು ಬಿಎಸ್ಸಿ ಮುಗಿಸಿ ಎರಡು ವರ್ಷದಿಂದ ಎಫ್‌ಡಿಎ, ಪಿಡಿಒ ಅಂತ ಪರೀಕ್ಷೆಗಳಿಗೆ ಓದುತ್ತಿರುವವನು. ‘ಭೌತಶಾಸ್ತ್ರ ಓದೀಯಲ್ಲ, ನೋಡು ಮತ್ತ’ ಅಂದ ಅಪ್ಪ. ಅದರಲ್ಲಿ ಚುಚ್ಚು ಇತ್ತೋ, ನಂಬಿಕೆ ಇತ್ತೋ ಗೊತ್ತಾಗಲಿಲ್ಲ. ಒಂದು ಮಲ್ಟಿಮೀಟರ್ ತಂದು ಕೂತೆ.

ಹಳದಿ, ಕೆಂಪು, ಕಪ್ಪು

ಸ್ಟೀರಿಯೋ ಹಿಂದೆ ಕೈಹಾಕಿದರೆ ಹಾವಿನ ಗೂಡಿನಂತೆ ವೈರುಗಳು. ಹೆದರಬೇಕಿಲ್ಲ. ಹೊರಗಿನ ಕಂಪನಿಗಳ ಹೆಚ್ಚಿನ ಯೂನಿಟ್‌ಗಳಲ್ಲಿ ಬಣ್ಣಗಳ ಭಾಷೆ ಒಂದೇ. ಹಳದಿ ಅಂದರೆ ಬ್ಯಾಟರಿಯಿಂದ ಸದಾ ಬರುವ 12 ವೋಲ್ಟ್; ಗಡಿಯಾರ, ನಾವು ಉಳಿಸಿದ ಸ್ಟೇಷನ್ ನೆನಪಿಡುವುದು ಇದರಿಂದ. ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವ ಕರೆಂಟು. ‘ಏಳು’, ‘ಮಲಗು’ ಅಂತ ಯೂನಿಟ್‌ಗೆ ಹೇಳುವ ವೈರು. ಕಪ್ಪು ಅರ್ಥಿಂಗ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರ್‌ಗಳಿಗೆ. ಪ್ರತಿ ಜೋಡಿಯಲ್ಲೂ ಕಪ್ಪು ಗೆರೆ ಇರುವುದು ಮೈನಸ್. ನೀಲಿ ವೈರು ಆಂಟೆನಾ ಅಥವಾ ಆಂಪ್ಲಿಫಯರನ್ನು ಎಚ್ಚರಿಸುವುದಕ್ಕೆ. ಆದರೆ ಇದು ಯೂನಿಟ್ ಕಡೆಯ ಬಣ್ಣ ಮಾತ್ರ. ಕಾರಿನ ಕಡೆಯ ಬಣ್ಣ ಒಂದೊಂದು ಕಂಪನಿಯದು ಒಂದೊಂದು ಥರ. ಅಲ್ಲಿ ಮೀಟರ್ ಹೇಳಿದ್ದೇ ನಿಜ.

ನಮ್ಮ ಕಾರಿನಲ್ಲಿ ಫಿಟ್ ಮಾಡಿದವರು ಹಳದಿ, ಕೆಂಪು ಎರಡನ್ನೂ ಸೇರಿಸಿ ತಿರುಚಿ ಸದಾ ಕರೆಂಟು ಬರುವ ವೈರಿಗೆ ಕಟ್ಟಿದ್ದರು. ಕೀ ಇಲ್ಲದೆಯೂ ಹಾಡು ಕೇಳಲಿ ಅಂತ ಹೀಗೆ ಮಾಡುವುದುಂಟು. ಪರಿಣಾಮ? ಸ್ಕ್ರೀನ್ ಆರಿದ್ದರೂ ಒಳಗಿನ ಯೂನಿಟ್ ನಿದ್ದೆ ಮಾಡುತ್ತಲೇ ಇರಲಿಲ್ಲ. ಕೀ ತೆಗೆದು, ಬಾಗಿಲು ಹಾಕಿ ಅಳೆದಾಗ ಮೀಟರ್ ತೋರಿಸಿದ್ದು ಸುಮಾರು ಅರ್ಧ ಆಂಪಿಯರ್.

ಇಲ್ಲಿ ನಮ್ಮ ಪಿಯುಸಿ ಲೆಕ್ಕ ಸಾಕು. ಬ್ಯಾಟರಿ 35 ಆಂಪಿಯರ್-ಅವರ್. ಅದನ್ನು 0.5ರಿಂದ ಭಾಗಿಸಿದರೆ 70 ಗಂಟೆ. ಅಂದರೆ ಮೂರು ದಿನಕ್ಕೂ ಕಡಿಮೆ! ಕಾರು ಮೂರನೇ ಬೆಳಿಗ್ಗೆ ನಿಂತದ್ದು ಯಾಕೆ ಅಂತ ಗೊತ್ತಾಯಿತಲ್ಲ? ಎರಡು ವೈರು ಬೇರೆ ಮಾಡಿ ಅದರದರ ಜಾಗಕ್ಕೆ ಸೇರಿಸಿದ ಮೇಲೆ ಇಡೀ ಕಾರಿನ ಬಳಕೆ 30 ಮಿಲಿ ಆಂಪಿಯರ್‌ಗೆ ಇಳಿಯಿತು. ಅದೇ ಲೆಕ್ಕ ಹಾಕಿ ನೋಡಿ, ಒಂದೂವರೆ ತಿಂಗಳು ದಾಟುತ್ತದೆ.

9 ಮತ್ತು 10ರ ನಡುವೆ ಸಿಕ್ಕ ಧಾರವಾಡ

ಬ್ಯಾಟರಿ ಸರಿಹೋಯಿತು, ಧಾರವಾಡ ಮಾತ್ರ ಹತ್ತಲಿಲ್ಲ. ಯೂನಿಟ್‌ನಲ್ಲಿ ಎಎಂ ಇತ್ತು. ತಿರುಗಿಸಿದರೆ 750, 760, 770 ಅಂತ ಹತ್ತು ಹತ್ತಾಗಿ ಜಿಗಿಯುತ್ತಿತ್ತು. 765 ಎಲ್ಲಿ?

ವಿಷಯ ಇಷ್ಟೇ. ಅಮೆರಿಕದಲ್ಲಿ ಮಧ್ಯಮ ತರಂಗದ ನಿಲಯಗಳನ್ನು 10 ಕಿಲೋಹರ್ಟ್ಸ್ ಅಂತರದಲ್ಲಿ ಕೂರಿಸಿದ್ದಾರೆ. ಭಾರತ, ಯುರೋಪ್ ಸೇರಿದಂತೆ ಉಳಿದ ಬಹುಪಾಲು ಜಗತ್ತಿನಲ್ಲಿ ಅಂತರ 9 ಕಿಲೋಹರ್ಟ್ಸ್. ನಮ್ಮ ಲೆಕ್ಕ 531ರಿಂದ ಶುರು. ಅದಕ್ಕೆ ಒಂಬತ್ತರ 26 ಪಟ್ಟು ಸೇರಿಸಿ: 765, ನಮ್ಮ ಧಾರವಾಡ! 80 ಪಟ್ಟು ಸೇರಿಸಿ: 1251, ಪಕ್ಕದ ಸಾಂಗ್ಲಿ ಆಕಾಶವಾಣಿ. ನಮ್ಮ ಯೂನಿಟ್ ಅಮೆರಿಕದ ಸೆಟ್ಟಿಂಗ್‌ನಲ್ಲಿ ಇತ್ತು. ಹತ್ತರ ಮೆಟ್ಟಿಲು ಹತ್ತುವವನಿಗೆ 765 ಅನ್ನುವ ಮೆಟ್ಟಿಲೇ ಇಲ್ಲ.

ರೇಡಿಯೋ ಮೆನುವಿನಲ್ಲಿ ‘ರೀಜನ್’ ಅನ್ನುವ ಆಯ್ಕೆ ಹುಡುಕಿ ಅಮೆರಿಕ ತೆಗೆದು ಯುರೋಪ್ ಮಾಡಿದೆ. ನೀಲಿ ವೈರು ಗಾಳಿಯಲ್ಲಿ ನೇತಾಡುತ್ತಿತ್ತು. ನಮ್ಮ ಕಾರಿನ ಆಂಟೆನಾ ಬುಡದಲ್ಲಿ ಸಣ್ಣ ಬೂಸ್ಟರ್ ಇದ್ದುದರಿಂದ ಅದಕ್ಕೆ ಸೇರಿಸಿದೆ. ಧಾರವಾಡ ಬಂತು, ಜೊತೆಗೆ ಜೊಂಯ್ ಅನ್ನುವ ಸದ್ದೂ ಬಂತು. ಅದಕ್ಕೆ ಕಾರಣ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿದ್ದ ಅಗ್ಗದ ಮೊಬೈಲ್ ಚಾರ್ಜರ್. ಅಂಥ ಚಾರ್ಜರ್ ಒಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಆಗುತ್ತದೆ. ಅದರ ಗಲಾಟೆ ಮಧ್ಯಮ ತರಂಗದ ಮೇಲೇ ಬೀಳುತ್ತದೆ. ಕಿತ್ತ ಕೂಡಲೇ ಸದ್ದು ನಿಂತಿತು.

ಮೊಬೈಲ್ ಆ್ಯಪ್‌ನಲ್ಲೇ ಆಕಾಶವಾಣಿ ಸಿಗುತ್ತದಲ್ಲ ಅಂತ ನೀವು ಕೇಳಬಹುದು. ಸಿಗುತ್ತದೆ. ಆದರೆ ಡೇಟಾ ಬೇಕು, ನೆಟ್‌ವರ್ಕ್ ಬೇಕು. ಕೃಷ್ಣೆಯ ಪ್ರವಾಹ ಬಂದಾಗ ಕರೆಂಟು, ಟವರ್ ಹೋಗುವುದನ್ನು ನಮ್ಮ ಕಡೆಯವರು ನೋಡಿದ್ದಾರೆ. ಆಗಲೂ ಬ್ಯಾಟರಿಯ ಮೇಲೆ ಕೇಳಿಸುವುದು ರೇಡಿಯೋ. ಹೊಸ ಯೂನಿಟ್ ಕೊಳ್ಳುವಾಗ ‘ಎಎಂ ಇದೆಯಾ?’ ಅಂತ ಕೇಳಿ. ಎಷ್ಟೋ ಅಗ್ಗದ ಯೂನಿಟ್‌ಗಳಲ್ಲಿ ಬರೀ ಎಫ್‌ಎಂ ಇರುತ್ತದೆ.

ಡಬ್ಬಿಯ ಮೇಲಿನ ವ್ಯಾಟ್ ನಂಬಬೇಡಿ

ಕಾರಿನಲ್ಲಿ ರೇಡಿಯೋ ಹೊಸದೇನಲ್ಲ. ಅಮೆರಿಕದಲ್ಲಿ ಗಾಲ್ವಿನ್ ಸಹೋದರರ ಕಂಪನಿ 1930ರಲ್ಲೇ ‘ಮೋಟೊರೋಲಾ’ ಹೆಸರಿನ ಕಾರು ರೇಡಿಯೋ ಮಾರಿತು. ಮೋಟಾರು ಗಾಡಿಯಿಂದಲೇ ಆ ಹೆಸರು. 1932ರಲ್ಲಿ ಜರ್ಮನಿಯ ಬ್ಲೌಪುಂಕ್ಟ್ ಯುರೋಪಿಗೆ ತಂದಿತು. ಮುಂದೆ ಜರ್ಮನಿಯ ಮಾನಕ ಸಂಸ್ಥೆ ಡ್ಯಾಶ್‌ಬೋರ್ಡ್ ಕಿಂಡಿಗೆ ಒಂದು ಅಳತೆ ಗೊತ್ತುಮಾಡಿತು: ಅಗಲ 180, ಎತ್ತರ 50 ಮಿಲಿಮೀಟರ್. ಅದೇ ‘ಸಿಂಗಲ್ ಡಿನ್’. ಎತ್ತರ ಎರಡರಷ್ಟಾದರೆ ‘ಡಬಲ್ ಡಿನ್’. ಯಾವುದೋ ದೇಶದ ಯೂನಿಟ್ ಕಾಗವಾಡದ ಹಳೆಯ ಕಾರಿನಲ್ಲಿ ಸರಿಯಾಗಿ ಕೂರುವುದು ಈ ಅಳತೆಯಿಂದ.

ಇನ್ನು ಡಬ್ಬಿಯ ಮೇಲಿನ ‘50 ವ್ಯಾಟ್ × 4’. ಒಟ್ಟು 200 ವ್ಯಾಟ್ ಅಂತಾಯಿತು. ಯೂನಿಟ್ ಹಿಂದಿನ ಫ್ಯೂಸ್ ನೋಡಿ: 10 ಆಂಪಿಯರ್. ಇಂಜಿನ್ ಓಡುವಾಗ ವೋಲ್ಟೇಜ್ 14.4 ಇದ್ದರೆ ಒಳಗೆ ಹೋಗುವುದೇ ಹೆಚ್ಚೆಂದರೆ 144 ವ್ಯಾಟ್. 144 ಒಳಗೆ ಹೋಗಿ 200 ಹೊರಗೆ ಬರಲು ಸಾಧ್ಯವೇ? ಡಬ್ಬಿಯ ಮೇಲಿನದು ಕ್ಷಣಮಾತ್ರದ ಗರಿಷ್ಠ ಸಂಖ್ಯೆ. ಸತತವಾಗಿ ಸಿಗುವುದು ಚಾನೆಲ್‌ಗೆ ಇಪ್ಪತ್ತು ವ್ಯಾಟ್ ಆಸುಪಾಸು. ‘ಆರ್‌ಎಂಎಸ್ ಎಷ್ಟು?’ ಅಂತ ಕೇಳಿದರೆ ಅಂಗಡಿಯವರು ನಿಮ್ಮನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ!

ಕೊಳ್ಳುವವರು, ಹಾಕಿಸುವವರು ಇಷ್ಟು ನೆನಪಿಡಿ:

* ಕಾರಿನ ಮೂಲ ವೈರು ಕತ್ತರಿಸಲು ಬಿಡಬೇಡಿ. ನಿಮ್ಮ ಮಾಡೆಲ್‌ಗೆ ಹೊಂದುವ ಕಪ್ಲರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ. ವಾರಂಟಿ ಇರುವ ಕಾರಿನಲ್ಲಿ ವೈರು ಕತ್ತರಿಸಿದರೆ ಮುಂದೆ ತಕರಾರು ಬರಬಹುದು. ಕಪ್ಲರ್ ಇದ್ದರೆ ಬೇಕಾದಾಗ ಹಳೆಯದನ್ನೇ ಮತ್ತೆ ಕೂರಿಸಬಹುದು.
* ಕೆಲಸಕ್ಕೆ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಕೆಲವು ಕಂಪನಿ ಸ್ಟೀರಿಯೋಗಳು ಬ್ಯಾಟರಿ ತೆಗೆದರೆ ಕೋಡ್ ಕೇಳುತ್ತವೆ. ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.
* ಏರ್‌ಬ್ಯಾಗ್‌ನ ವೈರು, ಕಪ್ಲರ್ ಸಾಮಾನ್ಯವಾಗಿ ಹಳದಿ ಬಣ್ಣದ್ದು. ಅದನ್ನು ಮುಟ್ಟಲೇಬೇಡಿ.
* ಬರೀ ತಿರುಚಿ ಟೇಪ್ ಸುತ್ತಿದ ಜೋಡಣೆ ಬಿಸಿಲಿಗೆ ಸಡಿಲಾಗುತ್ತದೆ. ಬೆಸುಗೆ ಅಥವಾ ಕ್ರಿಂಪ್ ಮಾಡಿಸಿ. ಫ್ಯೂಸ್ ಹಾರಿದರೆ ಅದೇ ಅಳತೆಯದು ಹಾಕಿ. ದೊಡ್ಡದು ಹಾಕಿದರೆ ಮುಂದಿನ ಸಲ ಸುಡುವುದು ವೈರು.
* ಹ್ಯಾಂಡ್ ಬ್ರೇಕ್‌ಗೆ ಸೇರಿಸುವ ಒಂದು ವೈರು ಇರುತ್ತದೆ. ಗಾಡಿ ನಿಂತಾಗ ಮಾತ್ರ ವಿಡಿಯೋ ಕಾಣಲಿ ಅಂತ ಅದರ ಉದ್ದೇಶ. ಅದನ್ನು ಅರ್ಥಿಂಗ್‌ಗೆ ಕಟ್ಟಿ ಓಡಿಸುತ್ತಲೇ ಸಿನಿಮಾ ನೋಡುವವರಿದ್ದಾರೆ. ರಾತ್ರಿ ಹಿಂದೆ ಲೈಟ್ ಇಲ್ಲದ ಕಬ್ಬಿನ ಟ್ರೇಲರ್‌ಗಳು ಓಡಾಡುವ ನಮ್ಮ ಅಥಣಿ-ಚಿಕ್ಕೋಡಿ ರಸ್ತೆಯಲ್ಲಿ ಎರಡು ಸೆಕೆಂಡ್ ಕಣ್ಣು ತೆಗೆದರೂ ಜೀವಕ್ಕೆ ಕುತ್ತು. 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡಿಗೆ ಕಾರು 33 ಮೀಟರ್ ಹೋಗಿರುತ್ತದೆ.

ಪುಸ್ತಕದ ಜೊತೆ ಒಂದು ಮೀಟರ್

ಸುದ್ದಿ ಹರಡಲು ತಡವಾಗಲಿಲ್ಲ. ಮೊದಲು ಪಕ್ಕದ ಮನೆಯವರು, ಆಮೇಲೆ ಶೇಡಬಾಳದಿಂದ ಒಬ್ಬರು, ಐನಾಪುರದಿಂದ ಇನ್ನೊಬ್ಬರು. ಒಬ್ಬರದು ಸ್ಪೀಕರ್ ಮೈನಸ್ ಅದಲುಬದಲಾಗಿ ಬಾಸ್ ಬರದ ಕಥೆ, ಮತ್ತೊಬ್ಬರದು ಸಡಿಲ ಅರ್ಥಿಂಗ್‌ನಿಂದ ಆಕ್ಸಿಲರೇಟರ್ ಒತ್ತಿದಂತೆಲ್ಲ ಸಿಳ್ಳೆ ಹೊಡೆಯುವ ಕಥೆ. ಈಗ ವಾರಕ್ಕೆ ಎರಡು ದಿನ ಮಧ್ಯಾಹ್ನ ಈ ಕೆಲಸ, ಉಳಿದ ಹೊತ್ತು ಓದು. ಪರೀಕ್ಷೆ ಬಿಟ್ಟಿಲ್ಲ. ಆದರೆ ಅರ್ಜಿ ಶುಲ್ಕಕ್ಕೆ, ಬೆಳಗಾವಿಯ ಪರೀಕ್ಷಾ ಕೇಂದ್ರಕ್ಕೆ ಹೋಗಿಬರುವ ಖರ್ಚಿಗೆ ಅಪ್ಪನ ಮುಂದೆ ಕೈ ಚಾಚುವುದು ನಿಂತಿದೆ. ‘ಮಗ ಏನ್ ಮಾಡ್ತಾನ?’ ಅಂತ ಯಾರಾದರೂ ಕೇಳಿದರೆ ಅಪ್ಪ ಮೊದಲು ‘ಓದಾಕತ್ಯಾನ’ ಅಂತ ಹೇಳಿ ಮಾತು ಬದಲಿಸುತ್ತಿದ್ದ. ಈಗ ‘ಓದ್ತಾನ, ಗಾಡಿ ವೈರಿಂಗ್‌ನೂ ಮಾಡ್ತಾನ’ ಅನ್ನುತ್ತಾನೆ.

ಗೆಳೆಯರೇ, ನೌಕರಿಗೆ ಕಾಯುವ ವರ್ಷಗಳು ಎಷ್ಟು ಉದ್ದ ಅಂತ ನಿಮಗೂ ಗೊತ್ತು. ಓಮ್‌ನ ನಿಯಮವನ್ನು ನಾವೆಲ್ಲ ಅಂಕಕ್ಕಾಗಿ ಬಾಯಿಪಾಠ ಮಾಡಿದವರೇ. ಅದನ್ನು ಒಮ್ಮೆ ಕೈಯಿಂದ ಮುಟ್ಟಿ ನೋಡಿ. ಇದನ್ನೇ ಕ್ರಮವಾಗಿ ಕಲಿಯಬೇಕೆಂದರೆ ಐಟಿಐನಲ್ಲಿ ವಾಹನಗಳ ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್‌ಗೇ ಪ್ರತ್ಯೇಕ ಟ್ರೇಡ್ ಇದೆ. ಗಾಡಿಗಳು ಬ್ಯಾಟರಿಯ ಮೇಲೆ ಓಡಲು ಶುರುವಾದ ಕಾಲದಲ್ಲಿ ವೈರು ಓದಬಲ್ಲವರಿಗೆ ಕೆಲಸ ಹೆಚ್ಚೇ ಆಗುತ್ತದೆ. ಶುರು ಮಾಡುವುದಕ್ಕೆ ಐದುನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಮೊದಲ ಪ್ರಯೋಗ ನಿಮ್ಮ ಮನೆಯ ಬೈಕ್ ಬ್ಯಾಟರಿಯ ಮೇಲೇ ಆಗಲಿ: ಇಂಜಿನ್ ನಿಂತಾಗ ಎಷ್ಟು ವೋಲ್ಟ್, ಓಡುವಾಗ ಎಷ್ಟು? ಆ ಎರಡು ಸಂಖ್ಯೆ ಯಾಕೆ ಬೇರೆ ಅಂತ ಹುಡುಕುತ್ತ ಹೊರಡಿ.